ತಾಳ ತಪ್ಪಿದ ಹೃದಯಕ್ಕೆ ತೆಳು ಕೊಳವೆಯ ಚಿಕಿತ್ಸೆ



ಹೃದಯದ ಬಡಿತವನ್ನು ಹೇಳಲು ಕನ್ನಡದಲ್ಲಿ ಎಷ್ಟೊಂದು ಮಾತುಗಳಿವೆ! ಎದೆ ಢವಢವ ಎನ್ನುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಎದೆ ಝಲ್ಲೆನ್ನುತ್ತದೆ. ಇವುಗಳಲ್ಲಿ ಹೆಚ್ಚಿನವನ್ನು ನಾವು ಹೆದರಿಕೆಯನ್ನು ಸೂಚಿಸಲು ಬಳಸುತ್ತೇವೆ. ಆದ್ದರಿಂದಲೇ ಮಗುವೊಂದು "ಅಮ್ಮಾ, ಎದೆ ಢವಢವ ಅಂತಿದೆ" ಎಂದಾಗ "ಪರೀಕ್ಷೆಯ ಭಯ ಇರಬೇಕು, ನೀರು ಕುಡಿದು ಸ್ವಲ್ಪ ಮಲಗು" ಎಂದುಬಿಡುತ್ತೇವೆ. ಬಹಳ ಸಲ ಅದು ನಿಜವೂ ಆಗಿರುತ್ತದೆ. ಆದರೆ ಕೆಲವು ಸಲ ಆ ಮಾತಿನ ಹಿಂದೆ ಹೃದಯದೊಳಗಿನ ವಿದ್ಯುತ್ ದಾರಿಯ ದೋಷ ಅಡಗಿರುತ್ತದೆ. ಇಂತಹ ಅನೇಕ ದೋಷಗಳನ್ನು ಎದೆಯನ್ನು ತೆರೆಯದೆ, ತೊಡೆಸಂದಿನ ರಕ್ತನಾಳದ ಮೂಲಕ ತೆಳ್ಳನೆಯ ಕೊಳವೆಯನ್ನು ಹೃದಯಕ್ಕೆ ಕಳುಹಿಸಿ ಸರಿಪಡಿಸಲು ಇಂದು ಸಾಧ್ಯವಿದೆ. ಆದರೆ ಅದಕ್ಕೆ ಮೊದಲು ಯಾರಾದರೂ ಆ ಮಗುವಿನ ಮಾತನ್ನು ಕಿವಿಗೊಟ್ಟು ಕೇಳಬೇಕು. ಈ ಪಾಠದ ಉದ್ದೇಶ ಇಷ್ಟೇ.

1. ಹೃದಯಕ್ಕೆ ತಾಳ ಹಾಕುವವರು ಯಾರು?

ನಮ್ಮ ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಅದರಲ್ಲಿ ನಾಲ್ಕು ಕೋಣೆಗಳಿವೆ. ಮೇಲಿನ ಎರಡು ಹೃತ್ಕರ್ಣಗಳು, ಕೆಳಗಿನ ಎರಡು ಹೃತ್ಕುಕ್ಷಿಗಳು. 'ಕರ್ಣ' ಎಂದರೆ ಕಿವಿ, 'ಕುಕ್ಷಿ' ಎಂದರೆ ಹೊಟ್ಟೆ. ಹೆಸರುಗಳನ್ನು ಹೀಗೆ ಬಿಡಿಸಿಕೊಂಡರೆ ಯಾವುದು ಮೇಲೆ, ಯಾವುದು ಕೆಳಗೆ ಎಂಬುದು ಮರೆಯುವುದಿಲ್ಲ.

ಈ ನಾಲ್ಕು ಕೋಣೆಗಳು ಕ್ರಮವಾಗಿ ಸಂಕುಚಿಸಲು ಒಂದು ಸಂಕೇತ ಬೇಕು. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ 'ಸೈನಸ್ ನೋಡ್' ಎಂಬ ಪುಟ್ಟ ಅಂಗಾಂಶವಿದೆ. 1907ರಲ್ಲಿ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಎಂಬ ಬ್ರಿಟಿಷ್ ವಿಜ್ಞಾನಿಗಳು ಇದನ್ನು ವಿವರಿಸಿದರು. ಸಂಗೀತ ಕಛೇರಿಯಲ್ಲಿ ತಾಳ ಹಾಕುವವರಂತೆ ಇದು ನಿಮಿಷಕ್ಕೆ 60ರಿಂದ 100 ಸಲ ವಿದ್ಯುತ್ ಸಂಕೇತವನ್ನು ಹೊರಡಿಸುತ್ತದೆ. ಚಿಕ್ಕ ಮಕ್ಕಳಲ್ಲಿ ಈ ಸಂಖ್ಯೆ ಇನ್ನೂ ಹೆಚ್ಚು. ಸಂಕೇತವು ಮೇಲಿನ ಕೋಣೆಗಳಲ್ಲಿ ಹರಡಿ, ನಡುವೆ ಇರುವ 'ಎ.ವಿ. ನೋಡ್' ಎಂಬ ಬಾಗಿಲಿಗೆ ಬರುತ್ತದೆ. ಇದನ್ನು 1906ರಲ್ಲಿ ವಿವರಿಸಿದವರು ಜರ್ಮನಿಯಲ್ಲಿ ಅಧ್ಯಯನ ಮಾಡುತ್ತಿದ್ದ ಜಪಾನಿನ ಸುನಾವೊ ತವಾರಾ. ಇಲ್ಲಿ ಸಂಕೇತವು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲ ತಡೆದು ಮುಂದೆ ಹೋಗುತ್ತದೆ. ಮೇಲಿನ ಕೋಣೆಗಳ ರಕ್ತ ಕೆಳಗಿಳಿಯಲು ಈ ವಿರಾಮ ಬೇಕು. ಬಳಿಕ ಸಂಕೇತವು ಕೆಳಗಿನ ಕೋಣೆಗಳನ್ನು ತಲುಪಿ, ಅವು ಸಂಕುಚಿಸಿ ರಕ್ತವನ್ನು ಹೊರದೂಡುತ್ತವೆ.

ಆರೋಗ್ಯವಂತ ಹೃದಯದಲ್ಲಿ ಮೇಲಿನಿಂದ ಕೆಳಕ್ಕೆ ಸಂಕೇತ ಇಳಿಯಲು ಇರುವುದು ಈ ಒಂದೇ ಬಾಗಿಲು. ಈ ಸಂಗತಿಯನ್ನು ನೆನಪಿಡಿ, ಮುಂದಿನ ಪಾಠವೆಲ್ಲ ಇದರ ಮೇಲೆ ನಿಂತಿದೆ.

2. ತಾಳ ತಪ್ಪುವುದು ಹೇಗೆ?

ಕೆಲವರಿಗೆ ಹುಟ್ಟುವಾಗಲೇ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವೆ ಕೂದಲೆಳೆಯಂತಹ ಇನ್ನೊಂದು ಸ್ನಾಯುತಂತು ಉಳಿದುಬಿಟ್ಟಿರುತ್ತದೆ. ಅದು ಮನೆಗೆ ಹಿಂಬಾಗಿಲಿದ್ದಂತೆ. ಸಂಕೇತವು ಮುಂಬಾಗಿಲಿನಿಂದ ಕೆಳಗಿಳಿದು, ಹಿಂಬಾಗಿಲಿನಿಂದ ಮೇಲೇರಿ, ಮತ್ತೆ ಮುಂಬಾಗಿಲಿಗೆ ಬಂದು ಗಿರಗಿರನೆ ಸುತ್ತತೊಡಗುತ್ತದೆ. ಆಗ ಹೃದಯ ಇದ್ದಕ್ಕಿದ್ದಂತೆ ನಿಮಿಷಕ್ಕೆ 150, 200, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಸಲ ಬಡಿಯುತ್ತದೆ. ಇ.ಸಿ.ಜಿ.ಯಲ್ಲಿ ಗುರುತು ಕಾಣುವ ಇಂತಹ ಸ್ಥಿತಿಯನ್ನು 1930ರಲ್ಲಿ ವಿವರಿಸಿದ ಮೂವರು ವೈದ್ಯರ ಹೆಸರಿನಿಂದ ಅದನ್ನು ವುಲ್ಫ್-ಪಾರ್ಕಿನ್ಸನ್-ವೈಟ್ ಲಕ್ಷಣಕೂಟ ಎಂದು ಕರೆಯುತ್ತಾರೆ. ಸಾವಿರ ಜನರಲ್ಲಿ ಒಬ್ಬರಿಂದ ಮೂವರಿಗೆ ಈ ಗುರುತು ಇರುತ್ತದೆ.

ಇನ್ನು ಕೆಲವರಲ್ಲಿ ಎ.ವಿ. ನೋಡಿನ ಬಳಿಯಲ್ಲೇ ಒಂದು ವೇಗದ ದಾರಿ, ಒಂದು ನಿಧಾನದ ದಾರಿ ಎಂದು ಎರಡು ದಾರಿಗಳಿದ್ದು, ಸಂಕೇತ ಅವುಗಳ ನಡುವೆಯೇ ಸುತ್ತುತ್ತದೆ. ವಯಸ್ಸಾದವರಲ್ಲಿ ಹೆಚ್ಚಾಗಿ ಕಾಣುವ 'ಏಟ್ರಿಯಲ್ ಫಿಬ್ರಿಲೇಶನ್' ಬೇರೆ ಬಗೆಯದು. ಅದರಲ್ಲಿ ಮೇಲಿನ ಕೋಣೆಗಳು ತಾಳವಿಲ್ಲದೆ ಕಂಪಿಸುತ್ತವೆ. ರಕ್ತ ಅಲ್ಲಿಯೇ ನಿಂತು ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು ಆಗಬಹುದು. ಅಜ್ಜ ಅಜ್ಜಿಯರ ನಾಡಿ ಅಡ್ಡಾದಿಡ್ಡಿಯಾಗಿ ಬಡಿಯುತ್ತಿದ್ದರೆ ಅದನ್ನು 'ವಯಸ್ಸಾಯಿತು' ಎಂದು ಬಿಡಬಾರದು.

3. ಕೊಳವೆಯ ಕಥೆ

ಹೃದಯಕ್ಕೆ ಕೊಳವೆ ಹಾಕುವ ಕಥೆ 1929ರಲ್ಲಿ ಬರ್ಲಿನ್ ಬಳಿಯ ಎಬರ್ಸ್‌ವಾಲ್ಡೆ ಎಂಬ ಊರಿನ ಆಸ್ಪತ್ರೆಯಲ್ಲಿ ಆರಂಭವಾಯಿತು. ವರ್ನರ್ ಫೋರ್ಸ್‌ಮನ್ ಎಂಬ ತರುಣ ವೈದ್ಯರಿಗೆ ತೋಳಿನ ರಕ್ತನಾಳದ ಮೂಲಕ ಹೃದಯವನ್ನು ತಲುಪಬಹುದೆಂಬ ನಂಬಿಕೆಯಿತ್ತು. ಮೇಲಧಿಕಾರಿಗಳು ಅನುಮತಿ ಕೊಡಲಿಲ್ಲ. ಅವರು ತಮ್ಮ ತೋಳಿನ ಅಭಿಧಮನಿಗೇ ಸುಮಾರು 65 ಸೆಂಟಿಮೀಟರ್ ಉದ್ದದ ಕೊಳವೆಯನ್ನು ತೂರಿಸಿಕೊಂಡು, ಹಾಗೆಯೇ ನಡೆದು ಕ್ಷ-ಕಿರಣದ ಕೋಣೆಗೆ ಹೋಗಿ ಚಿತ್ರ ತೆಗೆಸಿದರು. ಕೊಳವೆಯ ತುದಿ ಹೃದಯದಲ್ಲಿದೆಯೆಂದು ಆ ಚಿತ್ರ ಸಾಕ್ಷಿ ಹೇಳಿತು. ಆಗ ಅವರಿಗೆ ಸಿಕ್ಕಿದ್ದು ಹೆಚ್ಚಾಗಿ ಟೀಕೆಯೇ. 1956ರಲ್ಲಿ ಅವರಿಗೆ, ಈ ವಿಧಾನವನ್ನು ಬೆಳೆಸಿದ ಆಂಡ್ರೆ ಕೂರ್ನಾನ್ ಮತ್ತು ಡಿಕಿನ್ಸನ್ ರಿಚರ್ಡ್ಸ್ ಅವರೊಂದಿಗೆ, ನೊಬೆಲ್ ಪ್ರಶಸ್ತಿ ಬಂತು. ಮಕ್ಕಳೇ, ಅವರ ಧೈರ್ಯವನ್ನು ಮೆಚ್ಚೋಣ, ಆದರೆ ತನ್ನ ಮೇಲೆಯೇ ಇಂತಹ ಪ್ರಯೋಗ ಮಾಡಿಕೊಳ್ಳುವುದನ್ನು ಯಾರೂ ಅನುಕರಿಸಬಾರದು.

ಹಿಂಬಾಗಿಲಿನ ದೋಷಕ್ಕೆ ಮೊದಲು ಸಿಕ್ಕ ಪರಿಹಾರ ತೆರೆದ ಹೃದಯದ ಶಸ್ತ್ರಚಿಕಿತ್ಸೆ. 1968ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ವಿಲ್ ಸೀಲಿ ಎಂಬ ಶಸ್ತ್ರವೈದ್ಯರು ನಾರ್ತ್ ಕೆರೊಲಿನಾದ ಒಬ್ಬ ಮೀನುಗಾರನ ಎದೆಯನ್ನು ತೆರೆದು ಆ ಹೆಚ್ಚುವರಿ ತಂತುವನ್ನು ಕತ್ತರಿಸಿದರು. ರೋಗ ವಾಸಿಯಾಯಿತು. ಆದರೆ ಕೂದಲೆಳೆಯಷ್ಟು ತಂತುವಿಗಾಗಿ ಇಡೀ ಎದೆಯನ್ನು ತೆರೆಯಬೇಕಾಯಿತು.

ಕೊಳವೆಯ ಮೂಲಕವೇ ದೋಷದ ದಾರಿಯನ್ನು ಮುಚ್ಚುವ ಚಿಕಿತ್ಸೆಯನ್ನು ಅಮೆರಿಕದ ವೈದ್ಯರು 1982ರಲ್ಲಿ ಪ್ರಕಟಿಸಿದರು. ಸ್ಯಾನ್ ಫ್ರಾನ್ಸಿಸ್ಕೋದ ಮೆಲ್ವಿನ್ ಶೈನ್‌ಮನ್ ಅವರಲ್ಲಿ ಪ್ರಮುಖರು. ಆಗ ಬಳಸುತ್ತಿದ್ದುದು ಜೋರಾದ ವಿದ್ಯುತ್ ಆಘಾತ, ಅದನ್ನು ಅಳೆದು ಕೊಡುವುದು ಕಷ್ಟವಾಗಿತ್ತು. 1980ರ ದಶಕದ ಕೊನೆಯಲ್ಲಿ ರೇಡಿಯೋ ಆವರ್ತನದ ವಿದ್ಯುತ್ ಬಂತು. ಇದು ಅಂಗಾಂಶವನ್ನು ಹದವಾಗಿ ಬಿಸಿಮಾಡುತ್ತದೆ. 1991ರಲ್ಲಿ ಒಕ್ಲಹೋಮಾದ ವಾರನ್ ಜ್ಯಾಕ್‌ಮನ್ ಮತ್ತು ಸಂಗಡಿಗರು ಹಿಂಬಾಗಿಲಿನ ದೋಷವಿದ್ದ 166 ರೋಗಿಗಳಲ್ಲಿ 164 ಮಂದಿಯ ಹೆಚ್ಚುವರಿ ದಾರಿಯನ್ನು ಹೀಗೆ ಮುಚ್ಚಿದ್ದನ್ನು ವರದಿ ಮಾಡಿದರು. ಅಂದಿನಿಂದ ಈ ದೋಷಕ್ಕೆ ಎದೆ ತೆರೆಯುವ ಅಗತ್ಯ ಬಹುಮಟ್ಟಿಗೆ ಇಲ್ಲವಾಯಿತು. ಈ ಚಿಕಿತ್ಸೆಯ ಹೆಸರೇ ಕ್ಯಾಥೆಟರ್ ಅಬ್ಲೇಶನ್.

4. ಚಿಕಿತ್ಸೆಯ ದಿನ ಏನು ನಡೆಯುತ್ತದೆ?

ರೋಗಿ ಹಿಂದಿನ ರಾತ್ರಿಯಿಂದ ಅಥವಾ ವೈದ್ಯರು ಹೇಳಿದಷ್ಟು ಹೊತ್ತು ಉಪವಾಸವಿರಬೇಕು. ದೊಡ್ಡವರಿಗೆ ತೊಡೆಸಂದನ್ನು ಮರಗಟ್ಟಿಸಿ ಮಂಪರಿನ ಔಷಧಿ ಕೊಡುತ್ತಾರೆ. ಮಕ್ಕಳಿಗೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಕೊಡುತ್ತಾರೆ. ಅಲ್ಲಿನ ಅಭಿಧಮನಿಗೆ ಸೂಜಿ ಚುಚ್ಚಿ, ಅದರ ದಾರಿಯಲ್ಲಿ 2ರಿಂದ 3 ಮಿಲಿಮೀಟರ್ ದಪ್ಪದ ಕ್ಯಾಥೆಟರ್‌ಗಳನ್ನು ಹೃದಯದವರೆಗೆ ಸಾಗಿಸುತ್ತಾರೆ. ಅವುಗಳ ತುದಿಯಲ್ಲಿ ಲೋಹದ ಉಂಗುರಗಳಿದ್ದು, ಅವು ಹೃದಯದ ವಿದ್ಯುತ್ತನ್ನು ಒಳಗಿನಿಂದಲೇ ಆಲಿಸುತ್ತವೆ.

ಮುಂದಿನ ಹೆಜ್ಜೆ ಕೇಳಿದರೆ ಆಶ್ಚರ್ಯವಾಗಬಹುದು. ವೈದ್ಯರು ಸಣ್ಣ ವಿದ್ಯುತ್ ಮಿಡಿತಗಳನ್ನು ಕೊಟ್ಟು ಬೇಕೆಂದೇ ತಾಳವನ್ನು ತಪ್ಪಿಸುತ್ತಾರೆ! ಕಳ್ಳ ಹೊರಗೆ ಬಂದರೆ ತಾನೇ ಅವನು ಬರುವ ದಾರಿ ಗೊತ್ತಾಗುವುದು? ಯಾವ ಜಾಗಕ್ಕೆ ಸಂಕೇತ ಮೊದಲು ತಲುಪುತ್ತದೆ, ಯಾವ ಜಾಗಕ್ಕೆ ಆಮೇಲೆ ಎಂಬುದನ್ನು ಮಿಲಿಸೆಕೆಂಡುಗಳಲ್ಲಿ ಅಳೆದು ಹಿಂಬಾಗಿಲನ್ನು ಪತ್ತೆಹಚ್ಚುತ್ತಾರೆ.

ಜಾಗ ಸಿಕ್ಕಿದ ಮೇಲೆ ಕ್ಯಾಥೆಟರಿನ ತುದಿಯನ್ನು ಅಲ್ಲಿಟ್ಟು ರೇಡಿಯೋ ಆವರ್ತನದ ವಿದ್ಯುತ್ತನ್ನು ಸಾಮಾನ್ಯವಾಗಿ ಒಂದು ನಿಮಿಷದೊಳಗಿನ ಅವಧಿಗೆ ಹರಿಸುತ್ತಾರೆ. ಅಂಗಾಂಶ 50 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಕೆಲವೇ ಮಿಲಿಮೀಟರ್ ಅಗಲದ ಜಾಗ ನಿಷ್ಕ್ರಿಯವಾಗಿ, ಮುಂದೆ ಕಲೆಗಟ್ಟುತ್ತದೆ. ಕಲೆಯ ಮೂಲಕ ವಿದ್ಯುತ್ ಹರಿಯದು, ಹಿಂಬಾಗಿಲು ಮುಚ್ಚಿದಂತಾಯಿತು. ವಿದ್ಯುತ್ತಿನ ದೋಷಕ್ಕೆ ವಿದ್ಯುತ್ತೇ ಮದ್ದು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ದೋಷದ ಜಾಗ ಎ.ವಿ. ನೋಡಿಗೆ ತೀರ ಹತ್ತಿರವಿದ್ದರೆ ಬಿಸಿಯ ಬದಲು ತಂಪನ್ನು ಬಳಸುವುದುಂಟು. ಮೊದಲು ಸುಮಾರು ಮೈನಸ್ 30 ಡಿಗ್ರಿಗೆ ತಣ್ಣಗಾಗಿಸಿ ನೋಡುತ್ತಾರೆ. ಜಾಗ ತಪ್ಪಾಗಿದ್ದರೆ ಮತ್ತೆ ಬೆಚ್ಚಗಾಗಲು ಬಿಟ್ಟರೆ ಸಾಮಾನ್ಯವಾಗಿ ಅದು ಮೊದಲಿನಂತಾಗುತ್ತದೆ. ಸರಿಯಾಗಿದ್ದರೆ ಇನ್ನಷ್ಟು ತಣ್ಣಗಾಗಿಸಿ ಶಾಶ್ವತಗೊಳಿಸುತ್ತಾರೆ. ಮೊದಲು ಪೆನ್ಸಿಲಿನಲ್ಲಿ ಬರೆದು ನೋಡಿ, ಆಮೇಲೆ ಪೆನ್ನಿನಲ್ಲಿ ತಿದ್ದಿದಂತೆ.

ಕೊನೆಯಲ್ಲಿ ತಾಳವನ್ನು ಮತ್ತೆ ತಪ್ಪಿಸಲು ಪ್ರಯತ್ನಿಸುತ್ತಾರೆ. ತಪ್ಪದಿದ್ದರೆ ಕೊಳವೆಗಳನ್ನು ಹೊರತೆಗೆಯುತ್ತಾರೆ. ರೋಗಿ ಕೆಲವು ಗಂಟೆ ಕಾಲು ಮಡಚದೆ ಮಲಗಿರಬೇಕು. ತೊಂದರೆಯಿಲ್ಲದಿದ್ದರೆ ಅದೇ ದಿನ ಅಥವಾ ಮರುದಿನ ಮನೆಗೆ ಹೋಗಬಹುದು.

5. ಕಾಣದ ಜಾಗವನ್ನು ಕಾಣುವ ಬಗೆ

ಒಂದು ಪ್ರಶ್ನೆ ನಿಮಗೆ ಈಗಾಗಲೇ ಹೊಳೆದಿರಬೇಕು. ಮುಚ್ಚಿದ ಎದೆಯೊಳಗೆ, ಬಡಿಯುತ್ತಿರುವ ಹೃದಯದಲ್ಲಿ, ಕೊಳವೆಯ ತುದಿ ಎಲ್ಲಿದೆ ಎಂದು ವೈದ್ಯರಿಗೆ ಹೇಗೆ ತಿಳಿಯುತ್ತದೆ?

ಮೊದಲನೆಯ ಸಾಧನ ಫೋರ್ಸ್‌ಮನ್ ಬಳಸಿದ ಕ್ಷ-ಕಿರಣವೇ. ಇದರಲ್ಲಿ ಕ್ಯಾಥೆಟರಿನ ಚಲನೆಯನ್ನು ಪರದೆಯ ಮೇಲೆ ಸಿನಿಮಾದಂತೆ ನೋಡಬಹುದು. ಆದರೆ ಕಾಣುವುದು ನೆರಳು ಮಾತ್ರ. ದೀಪದ ಮುಂದೆ ಕೈ ಹಿಡಿದರೆ ಗೋಡೆಯ ಮೇಲೆ ಬೀಳುವ ನೆರಳಿನಲ್ಲಿ ಯಾವ ಬೆರಳು ಮುಂದಿದೆ, ಯಾವುದು ಹಿಂದಿದೆ ಎಂದು ತಿಳಿಯುತ್ತದೆಯೇ? ಆದ್ದರಿಂದ ಯಂತ್ರವನ್ನು ತಿರುಗಿಸಿ ಬೇರೆ ಬೇರೆ ಕೋನಗಳಿಂದ ನೋಡಬೇಕಾಗುತ್ತದೆ. ಇದಲ್ಲದೆ ಹೆಚ್ಚು ಹೊತ್ತು ಕ್ಷ-ಕಿರಣ ಬಳಸಿದಷ್ಟೂ ವಿಕಿರಣ ಹೆಚ್ಚು. ಬೆಳೆಯುವ ಮಕ್ಕಳ ದೇಹಕ್ಕೆ ಅದು ಆದಷ್ಟು ಕಡಿಮೆ ತಗುಲಬೇಕು.

ಎರಡನೆಯ ಸಾಧನ ಮೂರು ಆಯಾಮದ ನಕ್ಷೆ. 1990ರ ದಶಕದಲ್ಲಿ ಇಸ್ರೇಲಿನ ಹೈಫಾದ ಟೆಕ್ನಿಯಾನ್ ಸಂಸ್ಥೆಯ ಶ್ಲೋಮೊ ಬೆನ್-ಹೈಮ್ ಮತ್ತು ಸಂಗಡಿಗರು ಇಂತಹ ವಿಧಾನವನ್ನು ರೂಪಿಸಿ, 1997ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಇದರಲ್ಲಿ ಮೇಜಿನ ಕೆಳಗಿನ ಸುರುಳಿಗಳು ದುರ್ಬಲ ಕಾಂತಕ್ಷೇತ್ರಗಳನ್ನು ಉಂಟುಮಾಡುತ್ತವೆ. ಕ್ಯಾಥೆಟರಿನ ತುದಿಯಲ್ಲಿರುವ ಸಂವೇದಕ ಅವುಗಳನ್ನು ಗ್ರಹಿಸುತ್ತದೆ, ಕಂಪ್ಯೂಟರು ತುದಿಯ ಸ್ಥಾನವನ್ನು ಲೆಕ್ಕಹಾಕುತ್ತದೆ. ಕಾರಿನಲ್ಲಿ ಜಿ.ಪಿ.ಎಸ್. ನಮ್ಮ ಜಾಗವನ್ನು ತೋರಿಸುವಂತೆ ಎನ್ನಬಹುದು. ತುದಿ ಹೃದಯದ ಗೋಡೆಯನ್ನು ಮುಟ್ಟುತ್ತಾ ಹೋದಂತೆ ಪರದೆಯ ಮೇಲೆ ಕೋಣೆಯ ಆಕಾರ ಮೂಡುತ್ತದೆ. ಸಂಕೇತ ಮೊದಲು ತಲುಪುವ ಜಾಗಕ್ಕೆ ಕೆಂಪು, ಕೊನೆಗೆ ತಲುಪುವ ಜಾಗಕ್ಕೆ ನೇರಳೆ ಬಣ್ಣ ಕೊಡುವ ವ್ಯವಸ್ಥೆಗಳಿವೆ. ಭೂಪಟದಲ್ಲಿ ಬೆಟ್ಟ, ಬಯಲು, ಸಮುದ್ರಗಳಿಗೆ ಬಣ್ಣ ಕೊಟ್ಟ ಹಾಗೆ. ಮುಂಚೆಯೇ ತೆಗೆದ ಸಿ.ಟಿ. ಅಥವಾ ಎಂ.ಆರ್.ಐ. ಚಿತ್ರವನ್ನು ಈ ನಕ್ಷೆಯೊಂದಿಗೆ ಹೊಂದಿಸುವುದೂ ಉಂಟು.

ಮೂರನೆಯ ಸಾಧನ ಶಬ್ದಾತೀತ ತರಂಗ. ಕ್ಯಾಥೆಟರಿನ ತುದಿಯಲ್ಲೇ ಪುಟ್ಟ ಅಲ್ಟ್ರಾಸೌಂಡ್ ಉಪಕರಣವನ್ನಿಟ್ಟು ಹೃದಯದ ಗೋಡೆಗಳನ್ನು, ಕವಾಟಗಳನ್ನು ಒಳಗಿನಿಂದಲೇ ನೋಡುತ್ತಾರೆ. ಹೃದಯದ ಸುತ್ತ ರಕ್ತ ಸೋರಿ ಸೇರುತ್ತಿದ್ದರೆ ಅದು ಕೂಡಲೇ ಕಾಣುತ್ತದೆ. ನಕ್ಷೆ ಮತ್ತು ಅಲ್ಟ್ರಾಸೌಂಡ್ ಜೊತೆಗೂಡಿರುವುದರಿಂದ ಇಂದು ಎಷ್ಟೋ ಮಕ್ಕಳ ಚಿಕಿತ್ಸೆಯನ್ನು ತೀರ ಕಡಿಮೆ ಕ್ಷ-ಕಿರಣದಿಂದ, ಕೆಲವೊಮ್ಮೆ ಅದಿಲ್ಲದೆಯೇ ಮಾಡಲಾಗುತ್ತಿದೆ. ಆದರೂ ಉಸಿರಾಟದಿಂದ, ದೇಹ ಅಲುಗಾಡುವುದರಿಂದ ನಕ್ಷೆ ಸ್ವಲ್ಪ ಜರುಗಬಹುದು. ಯಂತ್ರ ದಾರಿ ತೋರಿಸುತ್ತದೆ, ನಿರ್ಧಾರ ವೈದ್ಯರದ್ದೇ.

ಏಟ್ರಿಯಲ್ ಫಿಬ್ರಿಲೇಶನ್ನಿಗೂ ಈ ಸಾಧನಗಳೇ ನೆರವಾಗುತ್ತವೆ. 1998ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಮಿಶೆಲ್ ಹೈಸಗೇರ್ ಮತ್ತು ಸಂಗಡಿಗರು 45 ರೋಗಿಗಳನ್ನು ಪರೀಕ್ಷಿಸಿ, ಈ ಕಂಪನವನ್ನು ಹೊತ್ತಿಸುವ ಕಿಡಿಗಳಲ್ಲಿ ಹೆಚ್ಚಿನವು ಶ್ವಾಸಕೋಶದಿಂದ ಹೃದಯಕ್ಕೆ ಬರುವ ಅಭಿಧಮನಿಗಳಲ್ಲಿ ಹುಟ್ಟುತ್ತವೆಂದು ತೋರಿಸಿದರು. ಆದ್ದರಿಂದ ಆ ನಾಳಗಳ ಬಾಯಿಯ ಸುತ್ತ ಕಲೆಯ ಬೇಲಿ ಹಾಕುತ್ತಾರೆ. ಬಿಸಿ ಮತ್ತು ತಂಪಿನ ಜೊತೆಗೆ, ಅತಿ ಕಿರು ಅವಧಿಯ ವಿದ್ಯುತ್ ಸ್ಪಂದನಗಳಿಂದ ಬೇಲಿ ಹಾಕುವ ಹೊಸ ವಿಧಾನಕ್ಕೆ 2023ರ ಡಿಸೆಂಬರಿನಲ್ಲಿ ಅಮೆರಿಕದ ಎಫ್.ಡಿ.ಎ. ಮೊದಲ ಒಪ್ಪಿಗೆ ನೀಡಿತು. ಆದರೂ ಈ ರೋಗ ಕೆಲವರಲ್ಲಿ ಮರುಕಳಿಸುತ್ತದೆ, ಎರಡನೆಯ ಸಲ ಚಿಕಿತ್ಸೆ ಬೇಕಾಗಬಹುದು.

6. ಅಪಾಯಗಳಿಲ್ಲವೇ?

ಇವೆ. ಚುಚ್ಚಿದ ಜಾಗದಲ್ಲಿ ರಕ್ತಸ್ರಾವ, ಊತ ಆಗಬಹುದು. ಅಪರೂಪವಾಗಿ ಹೃದಯದ ಗೋಡೆ ತೂತಾಗಿ ಸುತ್ತ ರಕ್ತ ತುಂಬಬಹುದು, ಅಥವಾ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು. ಎ.ವಿ. ನೋಡಿಗೇ ಪೆಟ್ಟಾದರೆ ಶಾಶ್ವತವಾಗಿ ಪೇಸ್‌ಮೇಕರ್ ಬೇಕಾಗಬಹುದು. ಇವು ಕೆಲವರಿಗೆ ಮಾತ್ರ ಆಗುತ್ತವೆ, ಆದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಪೋಷಕರು ಇವುಗಳ ಬಗ್ಗೆ ಕೇಳಲೇಬೇಕು.

ತಾಳ ತಪ್ಪಿದ ಎಲ್ಲರಿಗೂ ಈ ಚಿಕಿತ್ಸೆ ಬೇಕಾಗಿಲ್ಲ ಎಂಬುದೂ ತಿಳಿದಿರಲಿ. ಆರೋಗ್ಯವಂತರಲ್ಲಿ ನಡುನಡುವೆ ಒಂದೊಂದು ಬಡಿತ ತಪ್ಪಿದಂತೆ ಅನಿಸುವುದು ಬಹುಪಾಲು ನಿರಪಾಯಕರ. ಶಿಶುಗಳಲ್ಲಿ ಹಿಂಬಾಗಿಲಿನ ತೊಂದರೆ ಮೊದಲ ವರ್ಷದಲ್ಲೇ ತಾನಾಗಿ ಶಮನವಾಗುವುದುಂಟು. 15 ಕಿಲೋಗಿಂತ ಕಡಿಮೆ ತೂಕದ ಮಕ್ಕಳಲ್ಲಿ ಅಪಾಯ ಹೆಚ್ಚಾದ್ದರಿಂದ ಸಾಧ್ಯವಾದಷ್ಟು ಔಷಧಿಯಿಂದ ಕಾಲ ಕಳೆದು, ಮಗು ಬೆಳೆದ ಮೇಲೆ ಯೋಚಿಸುತ್ತಾರೆ.

7. ನಾವು ಮಾಡಬೇಕಾದುದೇನು?

ಮಕ್ಕಳೇ, ಓಡಿದಾಗ ಅಥವಾ ಹೆದರಿದಾಗ ಎದೆಬಡಿತ ಮೆಲ್ಲಮೆಲ್ಲನೆ ಏರಿ, ಮೆಲ್ಲಮೆಲ್ಲನೆ ಇಳಿಯುತ್ತದೆ. ಹಿಂಬಾಗಿಲಿನ ಬಡಿತ ಹೆಚ್ಚಾಗಿ ಸ್ವಿಚ್ ಹಾಕಿದಂತೆ ಥಟ್ಟನೆ ಆರಂಭವಾಗಿ ಥಟ್ಟನೆ ನಿಲ್ಲುತ್ತದೆ. ಸುಮ್ಮನೆ ಕುಳಿತಿದ್ದಾಗಲೂ ಬರಬಹುದು. ಎಣಿಸಲಾಗದಷ್ಟು ವೇಗವಾಗಿರುತ್ತದೆ. ಹೀಗಾದರೆ ಆಟ ನಿಲ್ಲಿಸಿ, ಕುಳಿತುಕೊಂಡು, ಹತ್ತಿರದ ದೊಡ್ಡವರಿಗೆ ಅಥವಾ ಶಾಲೆಯ ನರ್ಸ್‌ಗೆ ತಕ್ಷಣ ಹೇಳಿ. ತಂಡದಿಂದ ಬಿಟ್ಟುಬಿಡುತ್ತಾರೆಂದು ಮುಚ್ಚಿಡಬೇಡಿ. 'ಏನೋ ಒಂಥರಾ ಆಗ್ತಿದೆ' ಎನ್ನುವುದಕ್ಕಿಂತ 'ಯಾವಾಗ ಶುರುವಾಯಿತು, ಏನು ಮಾಡುತ್ತಿದ್ದೆ, ಹೇಗೆ ನಿಂತಿತು' ಎಂದು ಹೇಳಿದರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ. ನಾವು ತರಗತಿಯಲ್ಲಿ ಕಲಿಯುವ ವರದಿ ಬರವಣಿಗೆ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಪೋಷಕರೇ, ಮಗು ಆಡುವಾಗ ಪ್ರಜ್ಞೆ ತಪ್ಪಿ ಬಿದ್ದರೆ, ಎದೆಬಡಿತದ ಜೊತೆ ಎದೆನೋವು ಅಥವಾ ಉಸಿರಾಟದ ತೊಂದರೆ ಬಂದರೆ, ಕುಟುಂಬದಲ್ಲಿ ಚಿಕ್ಕ ವಯಸ್ಸಿನವರು ಕಾರಣ ತಿಳಿಯದೆ ಹಠಾತ್ತನೆ ತೀರಿಕೊಂಡಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಬಿಸಿಲಿಗೆ ತಲೆತಿರುಗಿರಬೇಕು ಎಂದು ನಾವೇ ತೀರ್ಮಾನಿಸುವುದು ಬೇಡ. ಬಡಿತ ನಿಂತ ಮೇಲೆ ತೆಗೆದ ಇ.ಸಿ.ಜಿ. ಸಹಜವಾಗಿರಬಹುದು. ಬಡಿತ ಇರುವಾಗಲೇ ತೆಗೆದ ಇ.ಸಿ.ಜಿ.ಯ ಪ್ರತಿ ಚಿನ್ನದಷ್ಟು ಬೆಲೆಯುಳ್ಳದ್ದು. ಅದನ್ನು ಜೋಪಾನವಾಗಿಡಿ. ನಾವು ಇಲ್ಲಿಗೂ ಊರಿಗೂ ಓಡಾಡುವವರು. ರಜೆಯಲ್ಲಿ ಊರಿಗೆ ಹೋಗುವಾಗ ಪಾಸ್‌ಪೋರ್ಟಿನ ಜೊತೆಯಲ್ಲಿ ಅದರ ಪ್ರತಿಯೂ ಇರಲಿ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿಯೂ ಈ ಚಿಕಿತ್ಸೆ ನಡೆಯುತ್ತದೆ. ಎಲ್ಲಿ ಮಾಡಿಸಿದರೂ ಆ ಕಾಗದ ಬೇಕೇ ಬೇಕು.

ಎದೆಯ ಮಾತನ್ನು ಹೇಳಲು ಮಕ್ಕಳು ಕಲಿಯಲಿ, ಕೇಳಲು ಹಿರಿಯರು ಕಲಿಯಲಿ. ಆರೋಗ್ಯವೇ ಭಾಗ್ಯ.

ಪದಗಳ ಅರ್ಥ

ಅಭಿಧಮನಿ: ದೇಹದ ಭಾಗಗಳಿಂದ ರಕ್ತವನ್ನು ಹೃದಯಕ್ಕೆ ತರುವ ನಾಳ
ಹೃತ್ಕರ್ಣ: ಹೃದಯದ ಮೇಲಿನ ಕೋಣೆ
ಹೃತ್ಕುಕ್ಷಿ: ಹೃದಯದ ಕೆಳಗಿನ ಕೋಣೆ
ಕ್ಯಾಥೆಟರ್: ದೇಹದೊಳಗೆ ತೂರಿಸುವ ಬಳುಕುವ ತೆಳ್ಳನೆಯ ಕೊಳವೆ
ಅಬ್ಲೇಶನ್: ದೋಷವಿರುವ ಪುಟ್ಟ ಜಾಗವನ್ನು ಬಿಸಿ, ತಂಪು ಅಥವಾ ವಿದ್ಯುತ್ ಸ್ಪಂದನದಿಂದ ನಿಷ್ಕ್ರಿಯಗೊಳಿಸುವುದು
ಅರಿವಳಿಕೆ: ನೋವು ತಿಳಿಯದಂತೆ ಕೊಡುವ ಔಷಧಿ

ಅಭ್ಯಾಸ

1. ಎ.ವಿ. ನೋಡಿನಲ್ಲಿ ಸಂಕೇತ ಸ್ವಲ್ಪ ತಡೆದು ಹೋಗುವುದರಿಂದ ಆಗುವ ಉಪಯೋಗವೇನು?
2. ವೈದ್ಯರು ಬೇಕೆಂದೇ ಹೃದಯದ ತಾಳವನ್ನು ತಪ್ಪಿಸುವುದೇಕೆ?
3. ಕ್ಷ-ಕಿರಣದ ಚಿತ್ರಕ್ಕೂ ಮೂರು ಆಯಾಮದ ನಕ್ಷೆಗೂ ಇರುವ ವ್ಯತ್ಯಾಸವನ್ನು ಬರೆಯಿರಿ.
4. 'ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು' ಎಂಬ ಗಾದೆಯನ್ನು ಈ ಪಾಠದ ಆಧಾರದಿಂದ ವಿಸ್ತರಿಸಿ.
5. ಚಟುವಟಿಕೆ: ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡದ ಕಡೆ ಇನ್ನೊಂದು ಕೈಯ ಮೂರು ಬೆರಳುಗಳನ್ನು ಮೆಲ್ಲಗೆ ಇಟ್ಟು 30 ಸೆಕೆಂಡು ನಾಡಿಯನ್ನು ಎಣಿಸಿ, ಎರಡರಿಂದ ಗುಣಿಸಿ. ಮನೆಯ ಎಲ್ಲರ ನಾಡಿಬಡಿತದ ಪಟ್ಟಿ ಮಾಡಿ. ಬಡಿತ ಸಮನಾಗಿದೆಯೇ, ಅಡ್ಡಾದಿಡ್ಡಿಯಾಗಿದೆಯೇ ಎಂಬುದನ್ನೂ ಗುರುತಿಸಿ. ಸಂದೇಹ ಬಂದರೆ ಪಟ್ಟಿಯನ್ನು ವೈದ್ಯರಿಗೆ ತೋರಿಸಲು ಹಿರಿಯರಿಗೆ ಹೇಳಿ.